ಓಟು ಹಾಕಿಸಿದವನ ಓಟು

ಹೈಸ್ಕೂಲು ಮೇಷ್ಟ್ರಾಗಿದ್ದಷ್ಟು ವರ್ಷವೂ ಪ್ರತಿ ಎಲೆಕ್ಷನ್‌ನಲ್ಲಿ ನನಗೆ ಬೂತ್ ಡ್ಯೂಟಿ. ಸಾವಿರಾರು ಜನರ ಕೈಲಿ ಓಟು ಹಾಕಿಸಿದ್ದೀನಿ, ನಾನು ಮಾತ್ರ ಒಂದು ಸಲವೂ ಹಾಕಿಲ್ಲ. ಪ್ರತಿ ಸಲ ಏನಾದ್ರೂ ಒಂದು ಆಗ್ತಾನೇ ಇತ್ತು. ನನಗಿದು ನಿಜವಾಗ್ಲೂ ಬೇಜಾರಿನ ವಿಷಯ. ನಗೋರು ನಗಲಿ.

೧. ಅಂಚೆಯವನು

ಮನೆ ಶಿವಮೊಗ್ಗದ ಸವಳಂಗ ರಸ್ತೇಲಿ, ಡ್ಯೂಟಿ ಭದ್ರಾವತಿಯ ಜನ್ನಾಪುರದಲ್ಲಿ. ಡ್ಯೂಟಿಯವರಿಗೆ ಓಟಿನ ಚೀಟಿ ಅಂಚೇಲಿ ಬರುತ್ತೆ, ಗುರುತು ಹಾಕಿ ಎಣಿಕೆಗೆ ಮುಂಚೆ ಕಳಿಸಬೇಕು. ದಿನಾ ಗೇಟಿನ ಹತ್ರ ಕಾದೆ. ಕೊನೆಗೂ ಒಂದು ದಿನ ಅಂಚೆಯವನು ಚೀಟಿ ಹಿಡ್ಕೊಂಡು ರಸ್ತೆಯ ಆಚೆ ಬದಿ ಕಾಣಿಸಿದ. ಈಚೆಗೆ ದಾಟೋಕೆ ಅವನಿಗೆ ಅರ್ಧ ಗಂಟೆ ಹಿಡೀತು. ಗೆದ್ದವರ ಮೆರವಣಿಗೆ ಹೋಗ್ತಿತ್ತು.

೨. ಕಣ್ಣು ಕಾಣದ ಹೆಂಡತಿ

ಇನ್ನೊಂದು ಸಲ ಅಂಚೆ ಚೀಟಿ ಬರಲೇ ಇಲ್ಲ. ಡ್ಯೂಟಿ ಮಾತ್ರ ಭದ್ರಾವತಿಯದೇ ಕಾಗದನಗರದ ಬೂತಲ್ಲಿ ಬಂತು. ಗಂಡ ಹೆಂಡತಿ ಬಂದ್ರು.

"ಇವಳಿಗೆ ಕಣ್ಣು ಕಾಣಲ್ಲ ಸಾರ್, ಇವಳ ಓಟಿಗೂ ನಾನೇ ಮುದ್ರೆ ಒತ್ತೀನಿ" ಅಂದ ಗಂಡ.

"ಹೌದೇನಮ್ಮ?" ಅಂದೆ.

ಆಕೆ ಬಾಗಿಲಲ್ಲೇ ನಿಂತು ನನ್ನನ್ನ ಮೇಲಿಂದ ಕೆಳಗೆ ನೋಡಿದ್ಲು. "ನಿಮ್ಮ ಅಂಗಿ ಮೂರನೇ ಗುಂಡಿ ಕಿತ್ತೋಗಿದೆ ಸಾರ್, ಹೊಲಿಸ್ಕೊಳ್ಳಿ."

ಒಬ್ಬಳನ್ನೇ ಒಳಗೆ ಕಳಿಸಿದೆ. ಗಂಡ ಪೆಚ್ಚಾಗಿ ಹೇಳಿದ: "ಬೆಳಿಗ್ಗೆವರೆಗೂ ಕಾಣ್ತಿರ್ಲಿಲ್ಲ ಸಾರ್."

೩. ರಿಟೈರಾದ ಮೇಲೆ

ಅಂತೂ ರಿಟೈರಾದೆ. ಆಮೇಲಿನ ಮೊದಲ ಎಲೆಕ್ಷನ್‌ಗೆ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು, ಹೆಂಡತಿ ಜೊತೆ ನಮ್ಮ ಬೂತಿಗೆ ಹೋದೆ. ಅವಳು ಓಟು ಹಾಕಿ, ಒಲೆ ಮೇಲೆ ಬೇಳೆ ಇಟ್ಟಿದ್ದೀನಿ ಅಂತ ಮನೆಗೆ ಓಡಿದ್ಲು.

ಬೂತಿನ ಅಧಿಕಾರಿ ಪಟ್ಟಿ ನೋಡಿದ್ರು. "ನಿಮ್ಮ ಹೆಸರಿನ ಮುಂದೆ ಅಂಚೆ ಓಟು ಅಂತ ಗುರುತಿದೆ. ಇಲ್ಲಿ ಹಾಕೋ ಹಾಗಿಲ್ಲ ಸಾರ್. ನೀವೀಗ ಭದ್ರಾವತೀಲಿ ಡ್ಯೂಟಿ ಮೇಲಿದ್ದೀರಿ."

"ಇಲ್ಲೇ ನಿಂತಿದ್ದೀನಲ್ರೀ ಮಾರಾಯ್ರೇ!"

ಆಗಿದ್ದಿಷ್ಟು. ನಮ್ಮ ಸ್ಕೂಲಿನ ಗುಮಾಸ್ತ ಪದೇಪದೇ ಓಡಾಟ ಬೇಡ ಅಂತ ಅಂಚೆ ಓಟಿನ ಹತ್ತು ಅರ್ಜಿಗೆ ನನ್ನ ಕೈಲಿ ಒಟ್ಟಿಗೇ ಸಹಿ ಹಾಕಿಸಿಟ್ಟು, ಎಲೆಕ್ಷನ್‌ಗೊಂದರಂತೆ ಕಳಿಸ್ತಿದ್ದ. ನನ್ನ ಸರ್ವೀಸು ಮುಗಿದಿತ್ತು, ಅರ್ಜಿ ಮುಗಿದಿರ್ಲಿಲ್ಲ.

ನನಗೆ ಅಳೋದೊಂದು ಬಾಕಿ. ಅಧಿಕಾರಿ ಸಮಾಧಾನ ಮಾಡಿದ್ರು: "ಬೇಜಾರು ಮಾಡ್ಕೋಬೇಡಿ ಸಾರ್. ನಮ್ಮಲ್ಲಿ ಶಾಯಿ ಹಚ್ಚೋರು ಬಂದಿಲ್ಲ. ಬೂತಲ್ಲಿ ಯಾರಿದ್ದಾರೋ ಅವರನ್ನೇ ಕೂರಿಸ್ಕೋಬಹುದು ಅಂತ ರೂಲ್ಸಿದೆ. ನೀವು ಅನುಭವಸ್ಥರು, ಬನ್ನಿ."

ಸಂಜೆವರೆಗೂ ಕೂತು ಊರಿಗೆಲ್ಲ ಶಾಯಿ ಹಚ್ಚಿದೆ. ಮನೆ ಮುಟ್ಟೋ ಹೊತ್ತಿಗೆ ನನ್ನ ಐದು ಬೆರಳೂ ಕಪ್ಪಾಗಿದ್ವು. ಹೆಂಡತಿ ನೋಡಿದವಳೇ ಗಾಬರಿಯಿಂದ ನನ್ನನ್ನ ಒಳಗೆಳ್ಕೊಂಡು ಚಿಲಕ ಹಾಕಿದ್ಲು.

"ಅಯ್ಯೋ ದೇವ್ರೇ! ಅಷ್ಟೂ ವರ್ಷದ್ದು ಒಂದೇ ದಿನ ಹಾಕಿ ಬಂದ್ರಾ?"