ನೂರಾ ಹನ್ನೆರಡು ಮುದುಕರು

ಹೆಂಡತಿ: ನಾನು ‘ಎಲ್ಲ ಕಡೆ ನೋಡಿ’ ಅಂತ ಬರೆದಿದ್ದೆ ಕಣ್ರೀ. ‘ಮಾಡಿ’ ಅಂತ ಬರೆದಿರಲಿಲ್ಲ.

ಪ್ರಕಾಶಕ: ನಿನ್ನ ಕೈಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತಲ್ಲೇ!

ಹೆಂಡತಿ: ಮದುವೆಗೆ ಮುಂಚೆ ಅದೇ ಕೈಬರಹವನ್ನ ಮುತ್ತು ಪೋಣಿಸಿದ ಹಾಗಿದೆ ಅಂತಿದ್ರಿ.

ಪ್ರಕಾಶಕ: ಆಗ ನೀನು ಪ್ರೂಫ್ ತಿದ್ದುತ್ತಿರಲಿಲ್ಲ.

ಬೆಳಗ್ಗೆ ಹತ್ತು ಗಂಟೆ. ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ, ಆಗತಾನೆ ಕಟ್ಟು ಬಿಚ್ಚಿದ ಐನೂರು ಪ್ರತಿಗಳ ನಡುವೆ, ಪ್ರಕಾಶಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಪುಸ್ತಕದ ಹೆಸರು ‘ಪ್ರಕಾಶಕರು ನಡೆದು ಬಂದ ದಾರಿ’. ಬರೆದವನೂ ಅವನೇ, ಪ್ರಕಟಿಸಿದವನೂ ಅವನೇ. ಇಪ್ಪತ್ತು ವರ್ಷ ಊರಿನ ಲೇಖಕರಿಗೆಲ್ಲ ‘ಬೇಡ’ ಅಂದುಕೊಂಡು ಬಂದ ಪುಣ್ಯಾತ್ಮ ತನಗೆ ತಾನು ಮಾತ್ರ ಹಾಗೆ ಅನ್ನಲಾರದೆ ಹೋಗಿದ್ದ.

ಸಂಜೆ ಐದಕ್ಕೆ ಬಿಡುಗಡೆ. ಬಿಡುಗಡೆ ಮಾಡಬೇಕಾದವರು ಹೆಂಡತಿಯ ಅಪ್ಪ; ಪಕ್ಕದ ಓಣಿಯಲ್ಲಿ ಐವತ್ತು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದವರು. ಅಳಿಯ ತನ್ನ ಕೆಲಸವನ್ನೆಲ್ಲ ಕಂಪ್ಯೂಟರಿನ ಹೊಸ ಪ್ರೆಸ್ಸಿಗೆ ಕೊಡಲು ಶುರುಮಾಡಿದ ದಿನದಿಂದ, ಅಂದರೆ ಎಂಟು ತಿಂಗಳಿಂದ, ಮಾವ ಅವನ ಜೊತೆ ಮಾತು ಬಿಟ್ಟಿದ್ದರು. ಎದುರಿಗೇ ಕೂತಿದ್ದರೂ ಹೇಳುವುದನ್ನೆಲ್ಲ ಮಗಳ ಮೂಲಕವೇ ಹೇಳುತ್ತಿದ್ದರು. ಆ ಮುನಿಸು ಮುರಿಯಲೆಂದೇ ಅವನು ಪುಸ್ತಕವನ್ನು ‘ಈ ಊರಿನ ಕೊನೆಯ ಮುದ್ರಕನಿಗೆ’ ಅರ್ಪಿಸಿದ್ದ. ಈಗ ಅಲ್ಲಿ ‘ಈ ಊರಿನ ಕೊನೆಯ ಮುದುಕನಿಗೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿ ಕೂತಿತ್ತು.

ಹೆಂಡತಿ: ತಪ್ಪು ಶುರುವಾಗಿದ್ದು ನಿಮ್ಮಿಂದ. ಮೂರನೇ ಪುಟದಲ್ಲಿ ‘ಹಾಸಿಗೆ ಹಿಡಿದ ತೊಂಬತ್ತರ ಮುದ್ರಕ’ ಅಂತ ಬರೆದಿದ್ರಿ. ನಾನು ಅದನ್ನ ‘ಮುದುಕ’ ಮಾಡಿ, ಪಕ್ಕದಲ್ಲಿ ‘ಹೀಗೇ ಎಲ್ಲ ಕಡೆ ನೋಡಿ’ ಅಂದೆ.

ಪ್ರಕಾಶಕ: ಆ ಪ್ರೆಸ್ಸಿನ ಹುಡುಗ ಎಲ್ಲ ಕಡೆ ಮಾಡಿದ! ಕಂಪ್ಯೂಟರಲ್ಲಿ ಒಂದು ಗುಂಡಿ ಒತ್ತಿದ, ಇದ್ದಬದ್ದ ಮುದ್ರಕರೆಲ್ಲ ಮುದುಕರಾಗಿಬಿಟ್ರು.

ಹೆಂಡತಿ: ಅವನು ಫೋನ್ ಮಾಡಿ ಕೇಳಿದನಂತಲ್ಲ?

ಪ್ರಕಾಶಕ: ಕೇಳಿದ. ‘ಅಕ್ಕ ಬರೆದ ಹಾಗೆ ಮಾಡಪ್ಪ’ ಅಂದೆ. ಜೀವನದಲ್ಲಿ ಒಂದು ಸಲ ನಿನ್ನ ಮಾತಿಗೆ ಎದುರಾಡದೆ ಹೂಂ ಅಂದಿದ್ದು. ನೋಡು ಫಲ. ಓದು, ಹದಿನಾಲ್ಕನೇ ಪುಟ ಓದು.

ಹೆಂಡತಿ (ಓದುತ್ತ): ‘ಅಚ್ಚಿನ ವಿದ್ಯೆ ಹೊಸದಾಗಿ ಬಂದಾಗ ಪ್ರಕಾಶಕ ಎಂಬ ಬೇರೆ ಮನುಷ್ಯನೇ ಇರಲಿಲ್ಲ. ಪುಸ್ತಕ ಆರಿಸುವವನೂ ಮುದುಕ, ಹೊರತರುವವನೂ ಮುದುಕ, ಅಂಗಡಿಯಲ್ಲಿ ಕೂತು ಮಾರುವವನೂ ಮುದುಕ.’ ಇದರಲ್ಲಿ ತಪ್ಪೇನಿದೆ? ಈಗಲೂ ಹಾಗೇ ಅಲ್ವಾ?

ಪ್ರಕಾಶಕ: ಮುಂದಕ್ಕೆ ಓದು.

ಹೆಂಡತಿ: ‘ಮುದುಕ ತೀರಿಕೊಂಡರೆ ಅವನ ವಿಧವೆಯೇ ಯಂತ್ರ ನಡೆಸುತ್ತಿದ್ದಳು. ಎಷ್ಟೋ ಸಲ ಅವಳು ಇನ್ನೊಬ್ಬ ಮುದುಕನನ್ನು ಮದುವೆಯಾಗುತ್ತಿದ್ದಳು.’ ಅಯ್ಯೋ ಪಾಪ! ಎರಡನೇ ಸಲವೂ ಬುದ್ಧಿ ಬರಲಿಲ್ವಾ ಅವಳಿಗೆ?

ಪ್ರಕಾಶಕ: ನಿನಗೆ ನಗು. ಇಲ್ಲಿ ನೋಡು, ‘ಊರಲ್ಲಿ ಒಳ್ಳೆಯ ಮುದುಕರು ಸಿಗದಿದ್ದಾಗ ಹೊರದೇಶದಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು.’ ಇಲ್ಲಿ, ‘ಉಗಿಯಂತ್ರ ಬಂದದ್ದೇ ತಡ, ಮುದುಕರ ವೇಗ ಹತ್ತುಪಟ್ಟು ಹೆಚ್ಚಿತು.’

ಹೆಂಡತಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದಳು. ಭುಜ ಕುಣಿಯುವುದು ಮಾತ್ರ ನಿಲ್ಲಲಿಲ್ಲ. ಪ್ರಕಾಶಕ ಹೊಸ ಪ್ರೆಸ್ಸಿಗೆ ಫೋನ್ ಮಾಡಿದ. ಅಲ್ಲಿ ಕರೆಂಟು ಹೋಗಿತ್ತಂತೆ, ಬರುವುದು ರಾತ್ರಿಗೇ ಅಂತೆ. ಫೋನ್ ಇಟ್ಟವನು ಎದ್ದು ಕೋಣೆ ತುಂಬ ಓಡಾಡತೊಡಗಿದ.

ಪ್ರಕಾಶಕ: ಸಂಜೆಯೊಳಗೆ ಮುದುಕರನ್ನೆಲ್ಲ ತೆಗೀಬೇಕು ಕಣೇ.

ಹೆಂಡತಿ: ಒಟ್ಟು ಎಷ್ಟು ಮುದುಕರಿದಾರೆ?

ಪ್ರಕಾಶಕ: ನೂರಾ ಹನ್ನೆರಡು. ಎಣಿಸಿದೀನಿ. ಒಬ್ಬ ಮುದುಕ ಉಳಿದ್ರೂ ನನ್ನ ಮಾನ ಹೋಗುತ್ತೆ. ಬ್ಲೇಡ್ ತಗೊಂಡು ಒಬ್ಬೊಬ್ಬರನ್ನೇ...

ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಇಸ್ತ್ರಿ ಹೊಡೆದ ಬಿಳಿ ಅಂಗಿ ತೊಟ್ಟು, ಕೊಡೆ ಹಿಡಿದು, ಮಾವ ನಿಂತಿದ್ದರು. ಸಂಜೆಯವರೆಗೆ ಕಾಯಲಾರದೆ ಪುಸ್ತಕ ನೋಡಲು ಬಂದಿದ್ದರು.

ಮಾವ: ನಾನು ಹೊರಡ್ತೀನಮ್ಮ. ಬ್ಲೇಡು ಗೀಡು ಅಂತ ನಿನ್ನ ಗಂಡನಿಗೆ ತೊಂದರೆ ಯಾಕೆ?

ಹೆಂಡತಿ: ಅಪ್ಪಾ, ಅದು ನೀನಂದುಕೊಂಡ ಹಾಗಲ್ಲ...

ಮಾವ: ನೂರಾ ಹನ್ನೆರಡು ಜನ ಅಂದ ಹಾಗಿತ್ತು. ಅದರಲ್ಲಿ ನಾನು ಎಷ್ಟನೆಯವನು ಅಂತ ಕೇಳಮ್ಮ.

ಪ್ರಕಾಶಕ (ಗಾಬರಿಯಲ್ಲಿ): ನೀವೇ ಮೊದಲನೆಯವರು, ಮಾವ!

ಮಾವ: ಸಂತೋಷ. ಸಂಜೆ ಬಿಡುಗಡೆ ಅಂತ ಕರೆದಾಗ ಪುಸ್ತಕದ್ದು ಅಂದುಕೊಂಡಿದ್ದೆ. ನನ್ನದು ಅಂತ ಗೊತ್ತಾಗಲಿಲ್ಲ.

ಪ್ರಕಾಶಕ ಪುಸ್ತಕದ ರಾಶಿಯ ಮೇಲೆ ಕೂತು ಅದನ್ನು ಮರೆಮಾಡಲು ನೋಡಿದ. ಐನೂರು ಪ್ರತಿಯನ್ನು ಮುಚ್ಚುವಷ್ಟು ಅಗಲ ಅವನಿಗಿರಲಿಲ್ಲ. ಮಾವ ಒಂದು ಪ್ರತಿ ಎಳೆದುಕೊಂಡರು, ಹಳೇ ಅಭ್ಯಾಸದಂತೆ ಮೊದಲು ಮೂಸಿದರು, ಆಮೇಲೆ ಹಾಳೆ ತಿರುವಿದರು. ಅರ್ಪಣೆಯ ಪುಟದಲ್ಲಿ ಬೆರಳು ನಿಂತಿತು.

ಮಾವ: ‘ಈ ಊರಿನ ಕೊನೆಯ ಮುದುಕನಿಗೆ.’ ಅಂದ್ರೆ ನಿನ್ನ ಗಂಡನಿಗೆ ಮುದುಕನಾಗೋ ಯೋಚನೆಯೇ ಇಲ್ವೇನಮ್ಮ?

ಹೆಂಡತಿ: ಅದು ‘ಮುದ್ರಕ’ ಅಪ್ಪಾ. ನಿನಗೇ ಅಂತ ಬರೆದಿದ್ದು. ನಿನಗೆ ಗೊತ್ತಾಗಬಾರದು ಅಂತಲೇ ಹೊರಗೆ ಅಚ್ಚು ಹಾಕಿಸಿದ್ರು. ಅಲ್ಲಿ ಹೀಗಾಯ್ತು.

ಮಾವ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಎಂಟು ತಿಂಗಳಿಂದ ಗಂಟು ಹಾಕಿಕೊಂಡಿದ್ದ ಹುಬ್ಬು ಸಡಿಲವಾದದ್ದು ಪ್ರಕಾಶಕನಿಗೆ ಕಂಡಿತು. ಇನ್ನೇನು ಮಾತಾಡಿಸುತ್ತಾರೆ ಎಂದು ಅವನು ಆಸೆಯಿಂದ ಮುಂದೆ ಬಾಗಿದ.

ಮಾವ: ಇಷ್ಟು ದಪ್ಪ ಪುಸ್ತಕ ಬರೆದಿದಾನಲ್ಲ, ಈ ಪ್ರಕಾಶಕ ಅನ್ನೋನು ಮಾಡೋ ಕೆಲಸ ಏನು ಅಂತ ಕೇಳಮ್ಮ. ಬರೆಯೋನು ಲೇಖಕ. ಅಚ್ಚು ಹಾಕೋನು ನಾನು. ಹೊಲಿಯೋನು ಬೈಂಡರು. ಮಾರೋನು ಅಂಗಡಿಯವನು. ನಡುವೆ ಕೈಕಟ್ಟಿಕೊಂಡು ನಿಂತಿರೋನು ಯಾರು?

ಪ್ರಕಾಶಕ: ‘ಬೇಡ’ ಅನ್ನೋನು, ಮಾವ. ಹತ್ತು ಹಸ್ತಪ್ರತಿ ಬಂದ್ರೆ ಒಂಬತ್ತಕ್ಕೆ ಬೇಡ ಅಂದು, ಒಂಬತ್ತು ಜನರ ಹತ್ತಿರ ಬೈಸಿಕೊಂಡು, ಹತ್ತನೆಯದನ್ನ ಓದೋರ ಕೈಗೆ ಮುಟ್ಟಿಸೋನು ಪ್ರಕಾಶಕ. ಅದು ಖರ್ಚಾಗದೇ ಇದ್ರೆ ಮುಳುಗೋನೂ ಅವನೇ.

ಹೆಂಡತಿ: ಬೇಡ ಅನ್ನೋದಕ್ಕೆ ಬೋರ್ಡು ಬೇರೆ ಹಾಕ್ಕೊಂಡಿದೀರಾ? ನಮ್ಮಮ್ಮ ಬೋರ್ಡಿಲ್ಲದೇ ಅಪ್ಪನಿಗೆ ನಲವತ್ತು ವರ್ಷ ಬೇಡ ಅಂದ್ಲು.

ಮಾವ: ನಿನ್ನ ಮದುವೆಗೂ ಅಂದಿದ್ಲು. ಅದೊಂದು ಸಲ ನಾನು ಕೇಳಲಿಲ್ಲ.

ಪ್ರಕಾಶಕ ಬ್ಲೇಡು ಹುಡುಕತೊಡಗಿದ.

ಹೆಂಡತಿ: ಕೆರೆಯೋದು ಬಿಡಿ. ಒಂದು ತಪ್ಪು-ಒಪ್ಪು ಚೀಟಿ ಅಚ್ಚು ಹಾಕಿಸಿ ಒಳಗಿಟ್ರೆ ಆಯ್ತಪ್ಪ.

ಪ್ರಕಾಶಕ: ಎಲ್ಲಿ ಹಾಕಿಸ್ಲಿ? ಅಲ್ಲಿ ಕರೆಂಟಿಲ್ಲ ಅಂದ್ನಲ್ಲೇ!

ಮಾವ (ಬಾಗಿಲ ಕಡೆ ತಿರುಗಿ): ನನ್ನ ಯಂತ್ರ ಕಾಲಲ್ಲಿ ತುಳಿಯೋದು. ನನ್ನ ಕಾಲಿಗೆ ಕರೆಂಟು ಬೇಕಿಲ್ಲ ಅಂತ ಹೇಳಮ್ಮ. ಪ್ರೂಫ್ ಕಳಿಸಲ್ಲ ಅಂತಲೂ ಹೇಳು. ನೀವಿಬ್ಬರೂ ನೋಡಿದ್ದು, ಮಾಡಿದ್ದು ಎರಡೂ ಸಾಕು.

ಮಧ್ಯಾಹ್ನವೆಲ್ಲ ಪಕ್ಕದ ಓಣಿಯಿಂದ ಯಂತ್ರದ ಧಡಕ್ ಧಡಕ್ ಸದ್ದು ಕೇಳುತ್ತಿತ್ತು. ಎಂಟು ತಿಂಗಳ ಮೇಲೆ ಆ ಸದ್ದು ಕೇಳಿ ಪ್ರಕಾಶಕನಿಗೆ ಖುಷಿಯಾಯಿತು. ಎರಡು ಸಲ ಅಲ್ಲಿಗೆ ಹೋಗಿ ಬಾಗಿಲು ತಟ್ಟಿ ನೋಡಿದ. ಒಳಗೆ ಚಿಲಕ ಹಾಕಿತ್ತು. ನಾಲ್ಕು ಗಂಟೆಗೆ ಮಾವ ತೋಳಿನ ತನಕ ಮಸಿ ಬಳಿದುಕೊಂಡು ಬಂದು ಮಗಳ ಕೈಗೆ ಒಂದು ಚೀಟಿ ಕೊಟ್ಟರು. ಬಿಳಿ ಅಂಗಿ ಬಿಳಿಯಾಗಿ ಉಳಿದಿರಲಿಲ್ಲ.

ಹೆಂಡತಿ (ಓದುತ್ತ): ‘ತಪ್ಪು-ಒಪ್ಪು. ಈ ಪುಸ್ತಕದಲ್ಲಿ ಮುದುಕ ಎಂದಿರುವ ಕಡೆಯೆಲ್ಲ ಮುದ್ರಕ ಎಂದು ಓದಿಕೊಳ್ಳಬೇಕು.’

ಪ್ರಕಾಶಕ: ಆದ್ರೆ ಮೂರನೇ ಪುಟದಲ್ಲಿ ನಿಜವಾದ ಮುದುಕ ಒಬ್ಬ ಇದಾನಲ್ಲ ಮಾವ, ಹಾಸಿಗೆ ಹಿಡಿದವನು...

ಮಾವ: ಎದ್ದು ಕೆಲಸ ಕಲೀಲಿ ಅಂತ ಹೇಳಮ್ಮ.

ಹೆಂಡತಿ: ‘ಅರ್ಪಣೆಯಲ್ಲಿ ಕೊನೆಯ ಎಂಬ ಮಾತನ್ನು ಓದಬಾರದು. ಯಂತ್ರ ಇನ್ನೂ ಓಡುತ್ತಿದೆ.’

ಪ್ರಕಾಶಕ: ನ್ಯಾಯವಾದ ಮಾತು. ಒಪ್ಪಿದೆ.

ಹೆಂಡತಿ: ತಾಳಿ, ಇನ್ನೊಂದಿದೆ. ‘ಪ್ರಕಾಶಕ ಎಂದಿರುವ ಕಡೆಯೆಲ್ಲ ಮುದ್ರಕನ ಅಳಿಯ ಎಂದು ಓದಿಕೊಳ್ಳಬೇಕು.’

ಅವಳು ಪುಸ್ತಕದ ಹೊದಿಕೆಯನ್ನು ಒಮ್ಮೆ, ಚೀಟಿಯನ್ನು ಒಮ್ಮೆ ನೋಡಿದಳು.

ಹೆಂಡತಿ: ‘ಮುದ್ರಕನ ಅಳಿಯಂದಿರು ನಡೆದು ಬಂದ ದಾರಿ’. ಈಗ ನೋಡ್ರೀ, ಕೊಂಡು ಓದೋಣ ಅನ್ನಿಸುತ್ತೆ.

ಪ್ರಕಾಶಕ: ಇದು ಬೇಡ! ಈ ಚೀಟಿ ನನ್ನ ಪುಸ್ತಕದೊಳಗೆ ಬೇಡವೇ ಬೇಡ!

ಮಾವ ಮಸಿಯ ಕೈಯನ್ನು ಅಳಿಯನ ಹೆಗಲ ಮೇಲಿಟ್ಟರು. ಎಂಟು ತಿಂಗಳಲ್ಲಿ ಮೊದಲ ಸಲ ಅವನ ಮುಖ ನೋಡಿಯೇ ಮಾತಾಡಿದರು.

ಮಾವ: ಅನ್ನಿ, ಅಳಿಯಂದ್ರೇ, ಧಾರಾಳವಾಗಿ ಅನ್ನಿ. ಬೇಡ ಅನ್ನೋದು ನಿಮ್ಮ ಕೆಲಸ. ಅಚ್ಚು ಹಾಕೋದು ನನ್ನ ಕೆಲಸ. ಐನೂರೂ ಹಾಕಿ ಒಣಗೋಕೆ ಇಟ್ಟು ಬಂದಿದೀನಿ.