ಮೊಗಲಾಯಿ ಗುಂಡು

ತಡವಳದ ಕುರಿಗಾರ ಸಾಯಬಣ್ಣನ ಬೀಗ ಧೂಳಪ್ಪನ ಹೆಸರು ಬೀರೋಬಾನ ಗುಡಿಗೆ ಅವನು ಹಾಕಿಸಿಕೊಟ್ಟ ಮೆಟ್ಟಿಲಿನ ಮೇಲಿತ್ತು. ಹಬ್ಬಕ್ಕೆ ಹೋದಾಗಲೆಲ್ಲ ಅವನು ಅದನ್ನು ತೋರಿಸದೆ ಊಟಕ್ಕೆ ಬಡಿಸುತ್ತಿರಲಿಲ್ಲ. ಸಾಯಬಣ್ಣನಿಗೂ ಒಮ್ಮೆಯಾದರೂ ತನ್ನ ಹೆಸರು ಹಲಗೆಯ ಮೇಲೆ ಕಾಣಬೇಕೆಂಬ ಹಟ ಹಿಡಿದಿತ್ತು.

ಅಷ್ಟರಲ್ಲಿ ನಿಜಾಮನ ಗಡಿ ಕಾಯಲು ಕಟ್ಟಿದ್ದ ಊರಿನ ಹಾಳು ಹುಡೆ, ಅಂದರೆ ಬುರುಜು, ನೋಡಲು ಸೋಲಾಪುರದ ವಸ್ತುಸಂಗ್ರಹಾಲಯದ ಸಾಹೇಬರೊಬ್ಬರು ಬಂದರು. ಹುಡೆಯ ಹಳೇ ಸಾಮಾನು ಕೊಟ್ಟವರ ಹೆಸರನ್ನು ಹಲಗೆಯ ಮೇಲೆ ಬರೆಸುತ್ತೇವೆ, ಅಕ್ಕಲಕೋಟೆಯ ಕಚೇರಿಗೆ ಮರಾಠಿಯಲ್ಲಿ ಅರ್ಜಿ ಕೊಡಿ ಎಂದರು.

ಸಾಯಬಣ್ಣನ ಮನೆಯಲ್ಲಿ ತೋಫಿನ ಗುಂಡೊಂದಿತ್ತು. ನಿಜಾಮನ ಸೀಮೆಯಾದ ಮೊಗಲಾಯಿಯಿಂದ ಹಾರಿಬಂದದ್ದು. ಹೆಂಡತಿ ರೇವಮ್ಮ ಹತ್ತು ವರ್ಷದಿಂದ ಅದರಿಂದಲೇ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು.

ಅರ್ಜಿ ಬರೆದವನು ನೆರೆಮನೆಯ ಭೀಮಣ್ಣ. ಸಾಯಬಣ್ಣನಿಗೆ ಮರಾಠಿಯಲ್ಲಿ ಸಹಿ ಮಾಡಲು ಕಲಿಸಿದವನೂ ಅವನೇ. ತೋಫಿನ ಗುಂಡಿಗೆ ಮರಾಠಿಯಲ್ಲಿ ಗೋಳಾ ಅನ್ನುತ್ತಾರೆಂದು ಅವನಿಗೇನು ಗೊತ್ತು? ಕನ್ನಡ ಪದದ ಕೊನೆಯ ಕೊಂಬು ಕಿತ್ತು ದೀರ್ಘ ಎಳೆದರೆ ಮರಾಠಿಯಾಯಿತೆಂಬುದು ಅವನ ವ್ಯಾಕರಣ. ‘ನಮ್ಮ ಮನೆಯಲ್ಲಿ ಮೊಗಲಾಯಿಯ ಹಳೇ ಗುಂಡಾ ಹತ್ತು ವರ್ಷದಿಂದ ಇದೆ, ಬಂದು ಒಯ್ಯಿರಿ’ ಎಂದು ಬರೆದು, ಬೆಳಗಿನ ಮೋಟಾರಿಗೆ ಅಕ್ಕಲಕೋಟೆಗೆ ಹೋಗಿ ತಾನೇ ಕೊಟ್ಟು ಬಂದ.

ಮಧ್ಯಾಹ್ನ ಸಾಹೇಬರ ಬದಲು, ಕಚೇರಿಯವರು ಠಾಣೆಗೆ ಕಳಿಸಿದ ಆ ಅರ್ಜಿ ಹಿಡಿದು ಹವಾಲ್ದಾರ ಇಬ್ಬರು ಪೊಲೀಸರೊಂದಿಗೆ ಬಂದ.

“ಗುಂಡಾನ್ನ ಎಲ್ಲಿ ಅಡಗಿಸಿದಿ?”

“ಅಡಗಸೂದ್ಯಾಕ್ರಿ? ಒಲಿ ಮುಂದ ಐತಿ. ಮುಂಜಾನಿಂದ ಖಾರ ಕುಟ್ಟಾಕತ್ತೈತಿ.”

ಪೊಲೀಸರು ಮನೆ ಸುತ್ತುವರಿದರು. ಹವಾಲ್ದಾರ ಬಾಗಿಲ ಮರೆಗೆ ನಿಂತು, ಸುಮ್ಮನೆ ಹೊರಗೆ ಬಾ ಎಂದು ಗದರಿಸಿದ. ತನ್ನನ್ನೇ ಕರೆದರೆಂದು ರೇವಮ್ಮ ಚಟ್ನಿ ಮೆತ್ತಿದ ಗುಂಡನ್ನು ಬಗಲಲ್ಲಿಟ್ಟುಕೊಂಡು ಬಂದಳು. ಇದನ್ನು ಒಯ್ದರೆ ನಾಳೆ ನಿಮ್ಮ ತಲೆಯಿಂದ ಕುಟ್ಟಲೇ ಎಂದು ಗಂಡನನ್ನು ಕೇಳಿದಳು.

ಹವಾಲ್ದಾರ ಅರ್ಜಿಯನ್ನು ಎರಡು ಸಲ ಓದಿ ಕಟ್ಟೆಯ ಮೇಲೆ ಕುಳಿತ. ಅರ್ಜಿಯಲ್ಲಿ ಗುಂಡಾ, ಅಂದರೆ ಪುಂಡ, ಇದ್ದಮೇಲೆ ಠಾಣೆಗೆ ಒಬ್ಬ ಗುಂಡಾ ಬೇಕೇಬೇಕು. ಬರಿಗೈಲಿ ಹೋದರೆ ಫೌಜದಾರರು ಬಿಡುವುದಿಲ್ಲ. ಗುಂಡನ್ನೂ ಸಾಯಬಣ್ಣನನ್ನೂ ಹೊರಡಿಸಿದ. ಓದಿ ಹೇಳಲು ಬೇಕೆಂದು ಸಾಯಬಣ್ಣ ಭೀಮಣ್ಣನನ್ನೂ ಕರೆದುಕೊಂಡ.

ಅಕ್ಕಲಕೋಟೆಯಲ್ಲಿ ಗುಂಡು ಠಾಣೆಯ ಬಾಗಿಲಿಗೆ ಒತ್ತಾಗಿ ಕುಳಿತಿತು. ಕಾರಕೂನ ಹೊರಗಿನ ಕರಿಹಲಗೆಯ ಮೇಲೆ ಬರೆಯತೊಡಗಿದ. ತನ್ನ ಸಹಿಯ ಅಕ್ಷರಗಳನ್ನು ಗುರುತಿಸಿದ ಸಾಯಬಣ್ಣ ರುಮಾಲು ಸರಿಮಾಡಿಕೊಂಡು ಹಲಗೆಯ ಹತ್ತಿರ ಹೋದ.

“ಭೀಮಣ್ಣ, ನನ್ನ ಹೆಸರಿನ ಬಾಜೂಕ ಏನ್ ಬರದಾರೋ?”

ಭೀಮಣ್ಣ ಹಲಗೆ ನೋಡಿದ, ಹವಾಲ್ದಾರನನ್ನು ನೋಡಿದ, ಆಮೇಲೆ ನೆಲ ನೋಡಿದ.

“ನೀ ಕೊಟ್ಟ ಸಾಮಾನಿನ ಹೆಸರ.”

ಇನ್ನು ಪ್ರತಿ ಸೋಮವಾರ ಬಂದು ಹಾಜರಿ ಕೊಡಬೇಕೆಂದು ಹವಾಲ್ದಾರ ತಾಕೀತು ಮಾಡಿದ. ಸರಕಾರ ಇಷ್ಟು ಮರ್ಯಾದೆ ಕೊಡುತ್ತದೆಂದು ಸಾಯಬಣ್ಣ ಎಣಿಸಿರಲಿಲ್ಲ. ಎರಡೂ ಕೈ ಮುಗಿದ.

“ತಪ್ಪದ ಬರ್ತೀನ್ರಿ ಸಾಹೇಬ್ರ. ಮುಂದಿನ ಸೋಮವಾರ ಬೀಗರನ್ನೂ ಕರ್ಕೊಂಡ ಬರ್ತೀನಿ.”