ದುರ್ಬೀನು ಹೊತ್ತು ದಿಕ್ಕು ತಪ್ಪಿದ ದಿನಗಳು

ದಿಕ್ಕು ತೋರಿಸುವ ಯಂತ್ರವನ್ನು ಹೆಗಲಿಗೇರಿಸಿಕೊಂಡವನಿಗೇ ಮೊದಲು ದಿಕ್ಕು ತಪ್ಪುತ್ತದೆ. ಬೇರೆಯವರ ಮಾತು ನನಗೆ ಗೊತ್ತಿಲ್ಲ, ನನಗಂತೂ ನರೇಗಲ್ಲಿನ ಸಂತೆ ತಪ್ಪಿದರೂ ಇದು ತಪ್ಪುತ್ತಿರಲಿಲ್ಲ.

ರೋಣ, ನರಗುಂದದ ಕಡೆಯೆಲ್ಲ ಇನ್ನೂ ಮುಂಬಯಿ ಸರಕಾರದ ಕೈಕೆಳಗಿದ್ದ ಕಾಲ. ಭೂಮಿ ಅಳೆಯುವ ಮೋಜಣಿ ಇಲಾಖೆಯಲ್ಲಿ ನನಗೆ ಹೊಸದಾಗಿ ಹಂಗಾಮಿ ನೌಕರಿ ಸಿಕ್ಕಿತ್ತು. ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಬೇಕು, ದೂರದಲ್ಲಿ ನೆಟ್ಟ ನಿಶಾನಿಯ ಕೋಲನ್ನು ಅದರಲ್ಲಿ ನೋಡಬೇಕು, ಕೋನ ಅಳೆಯಬೇಕು. ಯಾವ ಊರು ಎಲ್ಲಿದೆ ಎಂಬುದು ಅದರಿಂದಲೇ ನಕಾಶೆಗೆ ಏರುತ್ತಿತ್ತು. "ಅಳತಿ ಕೂಡಿದ್ರ ನಿನ್ನ ಕಾಯಂ ಮಾಡ್ತೀನಿ. ಕೂಡ್ಲಿಲ್ಲಂದ್ರ ಮನಿಗೆ ಹೋಗಿ ಎತ್ತು ಕಾಯಿ" ಎಂದಿದ್ದರು ನಮ್ಮ ದೊಡ್ಡ ಸಾಹೇಬರು. ನಮ್ಮ ಮನೆಯಲ್ಲಿ ಎತ್ತೂ ಇರಲಿಲ್ಲ.

ನಡುವೆ ನಿಲ್ಲದ ಗುಳ್ಳೆ

ಅಬ್ಬಿಗೇರಿಯ ಎರೆಹೊಲದಲ್ಲಿ ಮೊದಲ ಸಲ ದುರ್ಬೀನು ಹೂಡಿದೆ. ಯಂತ್ರ ಸಮ ನಿಂತಿದೆಯೋ ಇಲ್ಲವೋ ತಿಳಿಯಲು ಅದರಲ್ಲೊಂದು ಗಾಜಿನ ನಳಿಗೆ, ನಳಿಗೆಯೊಳಗೊಂದು ಗುಳ್ಳೆ. ಗುಳ್ಳೆ ನಟ್ಟನಡುವೆ ಬಂದು ನಿಲ್ಲಬೇಕು. ನಾನು ತಿರುಪು ತಿರುಗಿಸಿ ನಡುವೆ ತಂದದ್ದೇ ತಡ, ಅದು ಸರಕ್ಕನೆ ಬದಿಗೆ ಸರಿಯುತ್ತಿತ್ತು. ಏನು ಮಾಡಿದರೂ ಇದೇ ಹಾಡು.

ಹೊಲದ ಯಜಮಾನರು ಬಗ್ಗಿ ನೋಡಿದರು. ನೋಡಲು ನೆರೆದ ಮಂದಿ ಅತ್ತಿತ್ತ ಸರಿದಾಗಲೆಲ್ಲ ಮೆತ್ತನೆಯ ಎರೆಮಣ್ಣು ಕುಸಿದು ಗುಳ್ಳೆ ಓಡುತ್ತದೆ ಎಂದು ಅವರಿಗೆ ಹೊಳೆಯಿತು. ಅಷ್ಟು ಸಾಕಾಯಿತು. "ಏ, ನೀ ಈ ಕಡೆ ನಿಲ್ಲು. ದಪ್ಪಂದು, ನೀ ಆ ಕಡೆ. ಯಾರೂ ಉಸಿರು ಬಿಡಬ್ಯಾಡ್ರಿ!" ಎಂದು ಮಂದಿಯನ್ನು ತಕ್ಕಡಿಯ ಕಲ್ಲಿನಂತೆ ಸುತ್ತಲೂ ಹಂಚಿ ನಿಲ್ಲಿಸಿದರು. ಗುಳ್ಳೆ ನಿಜವಾಗಿಯೂ ನಡುವೆ ಬಂದು ನಿಂತಿತು! ನನಗೆ ಹಿಡಿಸಲಾರದ ಸಂತೋಷ. ಕಣ್ಣು ಹಚ್ಚಿ ನೋಡಲೆಂದು ದುರ್ಬೀನಿನ ಹಿಂದೆ ಹೋದೆ. ಗುಳ್ಳೆ ಮತ್ತೆ ಬದಿಗೆ ಸರಿಯಿತು.

ಯಜಮಾನರಿಗೆ ಸಿಟ್ಟು ಬಂತು. "ನಿಮ್ಮಿಂದನ ಕೆಡಾಕತ್ತೈತಿ ನೋಡ್ರಿ. ನೀವು ಊರಿಗೆ ಹೋಗಿ ಉಂಡು ಮಲಗ್ರಿ. ಗುಳ್ಳಿ ನಾವು ನೋಡ್ಕೋತೀವಿ."

ನರಗುಂದದ ಗುಡ್ಡ

ನನ್ನ ಜೊತೆಗೊಬ್ಬ ಖಲಾಸಿ ಇದ್ದ. ನಿಶಾನಿ ಹಿಡಿದು ದೂರ ಹೋಗಿ ನಿಲ್ಲುವುದು ಅವನ ಕೆಲಸ. ನಾನು ಯಾವ ಕಡೆ ಕೈ ಬೀಸುತ್ತೇನೋ ಆ ಕಡೆ ಅವನು ಸರಿಯಬೇಕು, ಅದು ನಮ್ಮ ಒಪ್ಪಂದ.

ಒಂದು ಮುಂಜಾನೆ ಅವನನ್ನು ನರಗುಂದದ ಗುಡ್ಡದ ಇಳಿಜಾರಿಗೆ ಕಳಿಸಿದೆ. ಆ ಕಾಲದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗು, ಎಡಬಲವೂ ಅದಲುಬದಲು. ಇದನ್ನು ಓದಿ ಪಾಸಾದವನು ನಾನು, ಆದರೆ ಓದಿದ್ದು ಗುಡ್ಡ ಕಂಡೊಡನೆ ಹಾರಿಹೋಯಿತು. ಅವನು ಎಡಕ್ಕೆ ಕಂಡ, ಬಲಕ್ಕೆ ಬಾ ಎಂದು ಕೈ ಬೀಸಿದೆ. ಅವನು ಇನ್ನಷ್ಟು ಎಡಕ್ಕೆ ಹೋದ. ಜೋರಾಗಿ ಬೀಸಿದೆ. ಅವನು ಜೋರಾಗಿ ಹೋದ. ನನ್ನನ್ನು ಗೇಲಿ ಮಾಡುತ್ತಿದ್ದಾನೆ ಎಂದು ಮೈ ಉರಿಯಿತು. ಎರಡೂ ಕೈಯಿಂದ ಬೀಸಿದೆ. ಮನುಷ್ಯ ಗುಡ್ಡದ ಆಚೆ ಇಳಿದು ಮಾಯವಾದ.

ಬಿಸಿಲಲ್ಲಿ ಹುಡುಕಿ ಹುಡುಕಿ ಕೊನೆಗೆ ಪೇಟೆಯ ಚಹಾದಂಗಡಿಯಲ್ಲಿ ಸಿಕ್ಕ. ನಿಶಾನಿಯನ್ನು ಗೋಡೆಗೆ ಆನಿಸಿಟ್ಟು ಚುರಮರಿ, ಮಿರ್ಚಿ ತಿನ್ನುತ್ತಿದ್ದ.

"ಇಲ್ಲಿ ಯಾಕ ಬಂದಿ?" ಎಂದು ಕೂಗಿದೆ.

"ನಿಂತಾಗೆಲ್ಲ ನೀವು ಹೋಗು ಹೋಗು ಅಂತ ಕೈ ಮಾಡಿದ್ರಿ. ನನ್ನ ಮಾರಿ ನೋಡೂದು ಸಾಕಾಗಿರಬೇಕಂತ ಬಂದೆ."

ದುರ್ಬೀನಿನಲ್ಲಿ ನೀನು ತಲೆಕೆಳಗಾಗಿ ಕಾಣುತ್ತಿದ್ದೆ, ಅದಕ್ಕೇ ಗೊಂದಲವಾಯಿತು ಎಂದು ತಿಳಿಸಿ ಹೇಳಿದೆ. ಅವನು ಮಿರ್ಚಿ ಮುಗಿಸಿ ಶಾಂತವಾಗಿ ಅಂದ, "ಹಂಗಾರ ನೀವೂ ತಲಿಕೆಳಗ ನಿಂತು ಕೈ ಬೀಸಬೇಕಿತ್ರಿ."

ಸಾಹುಕಾರರ ಉತ್ತರ

ಗಜೇಂದ್ರಗಡದಲ್ಲಿ ಕೈಕೊಟ್ಟದ್ದು ದುರ್ಬೀನಿಗೆ ಕೂಡಿಸಿದ್ದ, ಉತ್ತರ ತೋರಿಸುವ ಮುಳ್ಳು. ಪೇಟೆಯ ದೊಡ್ಡ ಸಾಹುಕಾರರು ಯಂತ್ರ ನೋಡಲು ಬಂದು ಹತ್ತಿರ ನಿಂತರು. ಉತ್ತರಕ್ಕಿದ್ದ ಮುಳ್ಳು ಮೆಲ್ಲನೆ ತಿರುಗಿ ಅವರ ಹೊಟ್ಟೆಯ ಕಡೆ ನಿಂತಿತು. ನಾನು ಗಾಬರಿಯಾದೆ. ಅವರು ಈಚೆ ಬಂದರು, ಮುಳ್ಳೂ ಈಚೆ ಬಂತು.

"ನೋಡ್ರಿ, ದೊಡ್ಡವರು ಯಾರಂತ ಅದಕ್ಕೂ ಗೊತ್ತೈತಿ" ಎಂದಿತು ಮಂದಿ. ಸಾಹುಕಾರರು ಮೀಸೆಯ ಮೇಲೆ ಕೈ ಆಡಿಸಿದರು.

ಆಗ ನನ್ನ ಕಣ್ಣು ಅವರ ಸೊಂಟಕ್ಕೆ ಬಿತ್ತು. ಅಂಗಡಿ, ಕಣಜ, ತಿಜೋರಿ ಎಲ್ಲದರ ಕಬ್ಬಿಣದ ಕೀಲಿಗಳ ದೊಡ್ಡ ಗೊಂಚಲು! ದೂರ ಇಡಿ ಎಂದು ಕೈ ಮುಗಿದು ಬೇಡಿಕೊಂಡೆ. ಹೆಂಡತಿಯ ಕೈಗೂ ಕೊಡದ ಗೊಂಚಲನ್ನು ಬಿಚ್ಚಿ, ಪಕ್ಕದಲ್ಲಿದ್ದ ಆಳಿನ ಕೈಗೆ ಕೊಟ್ಟರು. ಮುಳ್ಳು ಗಿರಕ್ಕನೆ ಆಳಿನ ಕಡೆ ತಿರುಗಿತು.

ಮಂದಿ ಕಿಸಕ್ಕನೆ ನಕ್ಕಿತು. ಸಾಹುಕಾರರು ಗೊಂಚಲನ್ನು ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಳ್ಳು ಅವರ ಬಳಿಗೆ ಮರಳಿತು. "ಹಾಂ, ಈಗ ಬರೋಬರಿ ಆತು. ಬರಕೊಳ್ರಿ" ಎಂದರು.

ನಡೆಯುವ ನಿಶಾನಿ

ಕೊನೆಗೂ ಸಾಹೇಬರು ತಪಾಸಣೆಗೆ ಬಂದರು. ಪುರ್ತಗೇರಿಯ ಬಯಲಲ್ಲಿ ನಾನು ಗುರುತಿನ ಕಲ್ಲು ಹೂತು, ಅದರ ಮೇಲೆ ಬಿಳಿ ಬಟ್ಟೆಯ ನಿಶಾನಿ ನೆಟ್ಟು ಬಂದಿದ್ದೆ. ಗಜೇಂದ್ರಗಡದ ಗುಡ್ಡದ ಮೇಲಿಂದ ಅದರ ಕೋನವನ್ನೂ ಹಿಂದಿನ ದಿನವೇ ಅಳೆದಿದ್ದೆ. ಸಾಹೇಬರು ಅಲ್ಲಿಂದಲೇ ಅಳೆದರು. ನನ್ನದಕ್ಕೆ ಕೂಡಲಿಲ್ಲ. ಮತ್ತೊಮ್ಮೆ ಅಳೆದರು. ಅದು ಅವರ ಮೊದಲಿನ ಅಳತೆಗೇ ಕೂಡಲಿಲ್ಲ.

ಮೂರನೆಯ ಸಲ ಕಣ್ಣು ಹಚ್ಚಿದವರು, ಗಾಜು ಒರೆಸಿ, ಮತ್ತೆ ನೋಡಿ ಚೀರಿದರು, "ಲೇ, ಇದು ನಡ್ಯಾಕತ್ತೈತಲ್ಲೋ!"

ಜೀಪು ಹತ್ತಿ ಪುರ್ತಗೇರಿಗೆ ಧಾವಿಸಿದೆವು. ಒಬ್ಬ ಮುದುಕರೂ ಅವರ ಪಕ್ಕದ ಹೊಲದವನೂ ನಿಶಾನಿಯ ಎರಡು ತುದಿ ಹಿಡಿದು ಜಗ್ಗಾಡುತ್ತಿದ್ದರು. ಸರಕಾರ ನಿಶಾನಿ ನೆಟ್ಟಲ್ಲಿ ಕಾಲುವೆ ಬರುತ್ತದೆ ಎಂದು ಊರಲ್ಲಿ ಸುದ್ದಿಯಂತೆ. ಮುದುಕರು ನಸುಕಿನಲ್ಲೇ ಅದನ್ನು ತಮ್ಮ ಹೊಲಕ್ಕೆ ತಂದಿದ್ದರು. ಈಗ ಪಕ್ಕದವನು ತನ್ನ ಹೊಲಕ್ಕೆ ಒಯ್ಯಲು ಹೊರಟಿದ್ದ.

"ಅಜ್ಜಾರ, ಇದರಿಂದ ನನ್ನ ನೌಕರಿ ಹೋಗತೈತ್ರಿ" ಎಂದೆ. ಅಳು ಬಂದುಬಿಟ್ಟಿತ್ತು.

ಮುದುಕರು ಕರಗಿದರು. "ಛೇ ಛೇ, ಹುಡುಗನ ಹೊಟ್ಟಿ ಮ್ಯಾಲ ಹೊಡೀಬಾರದು. ಇದ್ದಲ್ಲೇ ಇಟ್ಟುಬಿಡೂನು." ಆದರೆ ಎಲ್ಲಿತ್ತು? ಅವರು ಜಾಲಿಗಿಡದ ಬುಡ ತೋರಿಸಿದರು, ಪಕ್ಕದವನು ಒಡ್ಡು ತೋರಿಸಿದ.

"ಅದಕ್ಯಾಕ ಜಗಳ? ನಿಶಾನಿ ಇದ್ದಲ್ಲೆ ಕಲ್ಲು ಹೂತೈತಿ. ಅದರ ಮ್ಯಾಲ ನಿಲ್ಲಸ್ರಿ" ಎಂದರು ಸಾಹೇಬರು.

"ಕಲ್ಲು ಅಲ್ಲೆಲ್ಲೈತ್ರಿ? ಅದನ್ನ ಮೊದಲ ಕಿತ್ತು ತಂದೇನಿ. ಬರೇ ಕೋಲು ತಂದ್ರ ನೀರು ದಾರಿ ತಪ್ಪಂಗಿಲ್ಲೇನ್ರಿ?" ಎಂದರು ಮುದುಕರು.

ಸಾಹೇಬರು ಒಡ್ಡಿನ ಮೇಲೆ ಕುಸಿದು ಕುಳಿತರು. ಕಾಲುವೆಯೂ ಇಲ್ಲ, ನೀರೂ ಇಲ್ಲ, ಇದು ಬರೀ ನಕಾಶೆಯ ಕೆಲಸ ಎಂದು ಗಂಟಲು ಹರಿಯುವಂತೆ ಹೇಳಿದರು. ಮುದುಕರು ತಲೆಯಾಡಿಸಿದರು, ಆದರೆ ಒಂದು ಮಾತನ್ನೂ ನಂಬಿದಂತೆ ಕಾಣಲಿಲ್ಲ. ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿದರು.

"ಎಲ್ಲಾ ಮೊದಲಿಂದ ಅಳೀಬೇಕು. ಇಲ್ಲಿಗೆ ಹೊಸಬನ್ನ ಕಳಿಸಿದ್ರ ಈ ಮಂದಿ ಅವನ್ನೂ ಕಿತ್ತು ಹೊಲಕ್ಕ ಒಯ್ತಾರ. ನೀನ ಇರು. ಕಾಯಂ."

ನನಗಿಂತ ಹೆಚ್ಚು ಹಿಗ್ಗಿದವರು ಮುದುಕರು. ನನ್ನ ಬೆನ್ನು ಚಪ್ಪರಿಸಿ ಅಂದರು, "ಭಾಳ ಚಲೋ ಆತು ತಮ್ಮಾ. ಹಂಗಾರ ಈ ಸಲ ಸೀದಾ ನಮ್ಮ ಹೊಲದಾಗ ನೆಟ್ಟುಬಿಡು. ಕಿತ್ತು ತರೂ ತ್ರಾಸು ತಪ್ತೈತಿ."